ಜಾಲಪುಟಗಳ ನಡುವೆ ದತ್ತಾಂಶದ ಸಾಗಣೆ

ಜಾಲತಾಣದ ಒಂದು ಪುಟದಲ್ಲಿ ಬಳಕೆದಾರರು ತುಂಬಿದ ಅಥವಾ ಸರ್ವರ್ ಲೆಕ್ಕಹಾಕಿದ ಮಾಹಿತಿಯನ್ನು ಮುಂದಿನ ಪುಟಕ್ಕೆ ತಲುಪಿಸುವ ವಿಧಾನಗಳನ್ನು ಒಟ್ಟಾಗಿ ಜಾಲಪುಟಗಳ ನಡುವಿನ ದತ್ತಾಂಶ ಸಾಗಣೆ ಎಂದು ಕರೆಯುತ್ತಾರೆ. ಜಾಲ ತಂತ್ರಾಂಶ ಬರೆಯುವವರಿಗೆ ದಿನವೂ ಎದುರಾಗುವ ಕೆಲಸವಿದು. ಹಲವು ಪುಟಗಳನ್ನು ಒಂದೇ ಕಂಟ್ರೋಲರ್ (ಬಳಕೆದಾರರ ಸೂಚನೆ ಪಡೆದು ಕೆಲಸ ಮಾಡಿಸುವ ತಂತ್ರಾಂಶದ ಭಾಗ) ನೋಡಿಕೊಳ್ಳುತ್ತಿದ್ದರೆ ಮಾಹಿತಿ ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ ಎಂದು ಹೊಸಬರು ನಂಬುವುದುಂಟು. ಅದು ನಿಜವಲ್ಲ. ಎರಡು ಪುಟಗಳಿಗೆ ಕಂಟ್ರೋಲರ್ ಒಂದೇ ಆಗಿದ್ದರೂ ಅವುಗಳ ನಡುವೆ ನಂಬಬಹುದಾದ ನೆನಪಿನ ಹಂಚಿಕೆ ಇರುವುದಿಲ್ಲ. ಮಾಹಿತಿಯನ್ನು ಯಾರಾದರೂ ಒಯ್ಯಬೇಕು, ಎಲ್ಲಾದರೂ ಇಡಬೇಕು. ಎಲ್ಲಿ ಇಡಬೇಕು ಎಂಬ ನಿರ್ಧಾರವೇ ಈ ವಿಷಯದ ತಿರುಳು.

ಉದಾಹರಣೆಗೆ ಬಸ್ ಟಿಕೆಟ್ ಕಾಯ್ದಿರಿಸುವ ತಾಣವನ್ನು ತೆಗೆದುಕೊಳ್ಳಬಹುದು. ಮೊದಲ ಪುಟದಲ್ಲಿ ಪ್ರಯಾಣಿಕರು ಬೆಂಗಳೂರಿನಿಂದ ಧಾರವಾಡಕ್ಕೆ ಎಂದು ಆರಿಸಿ ದಿನಾಂಕ ಕೊಡುತ್ತಾರೆ. ಎರಡನೆಯದರಲ್ಲಿ ಸೀಟು, ಮೂರನೆಯದರಲ್ಲಿ ಹೆಸರು ಮತ್ತು ವಯಸ್ಸು, ನಾಲ್ಕನೆಯದರಲ್ಲಿ ಹಣ ಪಾವತಿ. ನಾಲ್ಕೂ ಪುಟಗಳು ಒಂದೇ ಟಿಕೆಟ್ ಕಂಟ್ರೋಲರ್‌ನ ನಾಲ್ಕು ಕ್ರಿಯೆಗಳಾಗಿರಬಹುದು. ಆದರೂ ಮೊದಲ ಪುಟದಲ್ಲಿ ಆರಿಸಿದ ದಿನಾಂಕ ನಾಲ್ಕನೆಯ ಪುಟಕ್ಕೆ ಗೊತ್ತಾಗಬೇಕಾದರೆ ಅದಕ್ಕೊಂದು ದಾರಿಯನ್ನು ಬೇಕೆಂದೇ ಮಾಡಿಕೊಡಬೇಕು.

ಸಮಸ್ಯೆಯ ಮೂಲ

ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಎಚ್‌ಟಿಟಿಪಿ ನಿಯಮಾವಳಿಯ ಸ್ವಭಾವದಲ್ಲೇ ಈ ಸಮಸ್ಯೆಯ ಬೇರಿದೆ. ಸ್ವಿಟ್ಜರ್‌ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್ ಲೀ ರೂಪಿಸಿದ ಈ ನಿಯಮಾವಳಿಯ ಮೊದಲ ಆವೃತ್ತಿ 1991ರದು. ಒಂದು ದಾಖಲೆ ಬೇಕೆಂದು ಕೇಳುವುದು, ಅದನ್ನು ಪಡೆಯುವುದು, ಸಂಪರ್ಕ ಮುಗಿಸುವುದು: ಅದರ ಕೆಲಸ ಇಷ್ಟೇ ಆಗಿತ್ತು. 1996ರ ಮೇ ತಿಂಗಳಿನಲ್ಲಿ 1.0 ಆವೃತ್ತಿಯ ವಿವರಣೆ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ಬಂದ ಎಲ್ಲ ಆವೃತ್ತಿಗಳಲ್ಲೂ ಒಂದು ಗುಣ ಬದಲಾಗಿಲ್ಲ. ಪ್ರತಿಯೊಂದು ಕೋರಿಕೆಯೂ ಸ್ವತಂತ್ರ. ಹಿಂದಿನ ಕೋರಿಕೆಯ ನೆನಪನ್ನು ನಿಯಮಾವಳಿ ಇಟ್ಟುಕೊಳ್ಳುವುದಿಲ್ಲ.

ಇದನ್ನು ಕೊರತೆ ಎಂದು ಭಾವಿಸಬಾರದು. ಸರ್ವರ್ ಯಾರನ್ನೂ ನೆನಪಿಡಬೇಕಿಲ್ಲ ಎಂಬ ಕಾರಣಕ್ಕೇ ಒಂದೇ ಯಂತ್ರ ಸಾವಿರಾರು ಜನರಿಗೆ ಉತ್ತರ ಕೊಡಬಲ್ಲದು. ಒಂದು ಯಂತ್ರ ಕೆಟ್ಟರೆ ಇನ್ನೊಂದು ಅದೇ ಕೆಲಸವನ್ನು ಎತ್ತಿಕೊಳ್ಳಬಲ್ಲದು. ಎಚ್‌ಟಿಟಿಪಿ ರಚನೆಯಲ್ಲಿ ಪಾಲುಗೊಂಡ ರಾಯ್ ಫೀಲ್ಡಿಂಗ್ 2000ದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರಕ್ಕೆ ಸಲ್ಲಿಸಿದ ಪಿಎಚ್‌.ಡಿ. ಪ್ರಬಂಧದಲ್ಲಿ ಈ ನೆನಪಿಲ್ಲದ ಗುಣವನ್ನು ಜಾಲದ ವಾಸ್ತುವಿನ ಮುಖ್ಯ ಕಟ್ಟಳೆಗಳಲ್ಲಿ ಒಂದೆಂದು ಗುರುತಿಸಿದರು. ಆದರೆ ಜಾಲ ಬರೀ ದಾಖಲೆ ಓದುವ ಜಾಗವಾಗಿ ಉಳಿಯಲಿಲ್ಲ. ಅಂಗಡಿ, ಬ್ಯಾಂಕು, ಕಚೇರಿ, ಟಿಕೆಟ್ ಕೌಂಟರ್ ಎಲ್ಲವೂ ಅಲ್ಲಿಗೆ ಬಂದವು. ಇವುಗಳಲ್ಲಿ ಯಾವುದೂ ನೆನಪಿಲ್ಲದೆ ನಡೆಯುವಂಥದ್ದಲ್ಲ. ನೆನಪಿಲ್ಲದ ನಿಯಮಾವಳಿಯ ಮೇಲೆ ನೆನಪನ್ನು ಕಟ್ಟುವ ಪ್ರಯತ್ನಗಳ ಚರಿತ್ರೆಯೇ ಈ ವಿಷಯದ ಚರಿತ್ರೆ.

ಕಂಟ್ರೋಲರ್ ಎಂಬ ಕಲ್ಪನೆ

ತಂತ್ರಾಂಶವನ್ನು ಮಾಡೆಲ್, ವ್ಯೂ, ಕಂಟ್ರೋಲರ್ ಎಂದು ಮೂರು ಭಾಗ ಮಾಡುವ ವಿನ್ಯಾಸವನ್ನು ನಾರ್ವೆಯ ವಿಜ್ಞಾನಿ ಟ್ರಿಗ್ವೆ ರೀನ್‌ಸ್ಕಾಗ್ 1979ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿದ್ದಾಗ ರೂಪಿಸಿದರು. ಮಾಡೆಲ್ ಎಂದರೆ ಮಾಹಿತಿ ಮತ್ತು ಅದರ ನಿಯಮಗಳು. ವ್ಯೂ ಎಂದರೆ ಕಣ್ಣಿಗೆ ಕಾಣುವ ರೂಪ. ಬಳಕೆದಾರರ ಸೂಚನೆಯನ್ನು ಪಡೆದು ಇವೆರಡರಿಂದ ಕೆಲಸ ಮಾಡಿಸುವುದು ಕಂಟ್ರೋಲರ್. ಈ ವಿನ್ಯಾಸ ಹುಟ್ಟಿದ ಅಂದಿನ ಸ್ಮಾಲ್‌ಟಾಕ್ ವ್ಯವಸ್ಥೆಯಲ್ಲಿ ಈ ಮೂರೂ ಒಂದೇ ಗಣಕದ ಸ್ಮೃತಿಯಲ್ಲಿ ಒಟ್ಟಿಗೆ ಬದುಕಿರುತ್ತಿದ್ದವು. ಆದ್ದರಿಂದ ಒಂದು ತೆರೆಯಿಂದ ಇನ್ನೊಂದಕ್ಕೆ ಮಾಹಿತಿ ಒಯ್ಯುವ ತೊಡಕು ಅಲ್ಲಿ ಇರಲಿಲ್ಲ.

ಜಾಲಕ್ಕೆ ಬಂದಾಗ ಈ ವಿನ್ಯಾಸದ ಹೆಸರು ಉಳಿಯಿತು, ಪರಿಸ್ಥಿತಿ ಬದಲಾಯಿತು. ಕ್ರೇಗ್ ಮೆಕ್ಲಾನಹನ್ ಬರೆದು 2000ದಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿದ ಸ್ಟ್ರಟ್ಸ್, 2004ರಲ್ಲಿ ಡೇವಿಡ್ ಹೈನೆಮೈಯರ್ ಹಾನ್ಸನ್ ಹೊರತಂದ ರೂಬಿ ಆನ್ ರೇಲ್ಸ್, ಅದೇ ವರ್ಷ 1.0 ಆವೃತ್ತಿ ಕಂಡ ಸ್ಪ್ರಿಂಗ್, 2009ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಎಎಸ್‌ಪಿ ಡಾಟ್ ನೆಟ್ ಎಂವಿಸಿ ಇವು ಈ ಪರಂಪರೆಯ ಹೆಸರಾಂತ ಚೌಕಟ್ಟುಗಳು. ಇವುಗಳಲ್ಲಿ ಬ್ರೌಸರ್‌ನಿಂದ ಬಂದ ವಿಳಾಸವನ್ನು ನೋಡಿ, ಯಾವ ಕಂಟ್ರೋಲರ್‌ನ ಯಾವ ಕ್ರಿಯೆಗೆ ಕೆಲಸ ಒಪ್ಪಿಸಬೇಕು ಎಂದು ತೀರ್ಮಾನಿಸುವ ಏರ್ಪಾಡಿದೆ. ಸಂಬಂಧಪಟ್ಟ ಪುಟಗಳನ್ನು ಒಂದೇ ಕಂಟ್ರೋಲರ್ ಅಡಿಯಲ್ಲಿ ಇಡುವುದು ರೂಢಿ.

ಕಂಟ್ರೋಲರ್‌ನ ಆಯುಷ್ಯ

ರೇಲ್ಸ್ ಮತ್ತು ಎಎಸ್‌ಪಿ ಡಾಟ್ ನೆಟ್ ಎಂವಿಸಿಗಳಲ್ಲಿ ಪ್ರತಿ ಕೋರಿಕೆಗೂ ಹೊಸ ಕಂಟ್ರೋಲರ್ ಹುಟ್ಟುತ್ತದೆ. ಉತ್ತರ ಕಳಿಸಿದ ಮೇಲೆ ಅದರ ಕೆಲಸ ಮುಗಿಯುತ್ತದೆ. ಸೀಟು ಆರಿಸುವ ಕ್ರಿಯೆಯಲ್ಲಿ ಕಂಟ್ರೋಲರ್‌ನ ಒಂದು ಚರಾಂಶಕ್ಕೆ ಸೀಟಿನ ಸಂಖ್ಯೆ ತುಂಬಿಟ್ಟರೆ ಪಾವತಿ ಕ್ರಿಯೆ ನಡೆಯುವಾಗ ಆ ಚರಾಂಶ ಖಾಲಿಯಾಗಿರುತ್ತದೆ. ಎರಡೂ ಕ್ರಿಯೆಗಳನ್ನು ಒಂದೇ ಕಡತದಲ್ಲಿ ಒಂದರ ಕೆಳಗೊಂದು ಬರೆದಿದ್ದರೂ ಅವು ಓಡುವುದು ಬೇರೆ ಬೇರೆ ಪ್ರತಿಗಳ ಮೇಲೆ. ಕಲಿಯುವವರು ಮೊದಲು ಎಡವುವುದು ಇಲ್ಲಿಯೇ.

ಸ್ಪ್ರಿಂಗ್‌ನ ಪದ್ಧತಿ ಇದಕ್ಕೆ ತದ್ವಿರುದ್ಧ. ಬೇರೆ ಸೂಚನೆ ಕೊಡದಿದ್ದರೆ ಅಲ್ಲಿ ಕಂಟ್ರೋಲರ್‌ನ ಒಂದೇ ಪ್ರತಿ ಇಡೀ ತಂತ್ರಾಂಶಕ್ಕೆ ದುಡಿಯುತ್ತದೆ. ಜಾವಾದ ಸರ್ವ್‌ಲೆಟ್‌ಗಳದೂ ಸಾಮಾನ್ಯವಾಗಿ ಇದೇ ರೀತಿ. ಇಲ್ಲಿ ಚರಾಂಶದಲ್ಲಿ ಇಟ್ಟ ಮಾಹಿತಿ ಮುಂದಿನ ಪುಟದಲ್ಲಿ ಸಿಕ್ಕಿಬಿಡುತ್ತದೆ. ಅಪಾಯ ಇರುವುದೇ ಅಲ್ಲಿ. ಒಬ್ಬರೇ ಕೂತು ಪರೀಕ್ಷಿಸುವಾಗ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಆ ಪ್ರತಿ ಎಲ್ಲ ಬಳಕೆದಾರರಿಗೂ ಒಂದೇ ಆದ್ದರಿಂದ, ಇಬ್ಬರು ಒಂದೇ ಹೊತ್ತಿಗೆ ಬಂದರೆ ಒಬ್ಬರ ಹೆಸರು, ವಯಸ್ಸು, ಸೀಟು ಇನ್ನೊಬ್ಬರ ತೆರೆಯ ಮೇಲೆ ಮೂಡಬಹುದು. ಮೊದಲ ಬಗೆಯ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಎರಡನೆಯದು ತಾಣ ಜನರ ಬಳಕೆಗೆ ಬಂದ ಮೇಲಷ್ಟೇ ಹೊರಬೀಳುತ್ತದೆ. ಅಷ್ಟರಲ್ಲಿ ಯಾರದೋ ಖಾಸಗಿ ಮಾಹಿತಿ ಸೋರಿರುತ್ತದೆ. ಆದ್ದರಿಂದ ಬಳಕೆದಾರರಿಗೆ ಸೇರಿದ ಯಾವ ಮಾಹಿತಿಯನ್ನೂ ಕಂಟ್ರೋಲರ್‌ನ ಚರಾಂಶದಲ್ಲಿ ಪುಟದಿಂದ ಪುಟಕ್ಕೆ ಉಳಿಸಬಾರದು ಎಂಬ ನಿಯಮ ಎರಡೂ ಪದ್ಧತಿಗಳಿಗೆ ಅನ್ವಯಿಸುತ್ತದೆ.

ಕಂಟ್ರೋಲರ್‌ನಿಂದ ವ್ಯೂಗೆ ಮಾಹಿತಿ ಕೊಡುವ ಸಾಧನಗಳನ್ನೂ ಇಲ್ಲಿ ಬೇರ್ಪಡಿಸಿ ನೋಡಬೇಕು. ಎಎಸ್‌ಪಿ ಡಾಟ್ ನೆಟ್ ಎಂವಿಸಿಯ ವ್ಯೂಡೇಟಾ, 2011ರ ಮೂರನೆಯ ಆವೃತ್ತಿಯಲ್ಲಿ ಬಂದ ವ್ಯೂಬ್ಯಾಗ್, ಸ್ಪ್ರಿಂಗ್‌ನ ಮಾಡೆಲ್ ಇವೆಲ್ಲ ಅದೇ ಕೋರಿಕೆಯ ಪುಟವನ್ನು ಕಟ್ಟಲು ಇರುವಂಥವು. ಪುಟ ತಯಾರಾಗುತ್ತಲೇ ಅವುಗಳ ಆಯುಷ್ಯ ತೀರುತ್ತದೆ. ಮುಂದಿನ ಪುಟಕ್ಕೆ ಅವು ಏನನ್ನೂ ಒಯ್ಯುವುದಿಲ್ಲ.

ವಿಳಾಸದ ಮೂಲಕ ಸಾಗಣೆ

ಎಲ್ಲಕ್ಕಿಂತ ಹಳೆಯ, ಸರಳ ದಾರಿಯೆಂದರೆ ಮುಂದಿನ ಪುಟದ ವಿಳಾಸದಲ್ಲೇ ಮಾಹಿತಿಯನ್ನು ಸೇರಿಸುವುದು. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹೆಸರು ಮತ್ತು ಮೌಲ್ಯಗಳ ಜೋಡಿಗಳನ್ನು ಬರೆಯುವ ಪದ್ಧತಿ ಜಾಲದ ಆರಂಭದ ವರ್ಷಗಳಿಂದ ಇದೆ. ಚೌಕಟ್ಟುಗಳು ಬಂದ ಮೇಲೆ ಓರೆಗೆರೆಗಳ ನಡುವೆಯೇ ಗುರುತಿನ ಸಂಖ್ಯೆ ಇಡುವ ರೂಢಿ ಬೆಳೆಯಿತು.

ಈ ದಾರಿಯ ದೊಡ್ಡ ಗುಣ ಅದರ ಪಾರದರ್ಶಕತೆ. ಪುಟವನ್ನು ಗುರುತು ಹಾಕಿಕೊಳ್ಳಬಹುದು, ಇನ್ನೊಬ್ಬರಿಗೆ ಕಳಿಸಬಹುದು, ಹಿಂದೆ ಮುಂದೆ ಹೋದರೂ ಮಾಹಿತಿ ಕಳೆಯುವುದಿಲ್ಲ. ಬೆಂಗಳೂರಿನಿಂದ ಧಾರವಾಡಕ್ಕೆ ಇಂಥ ದಿನದ ಬಸ್ಸುಗಳು ಎಂಬ ಹುಡುಕಾಟಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ವಿಳಾಸ ಬ್ರೌಸರ್‌ನ ಇತಿಹಾಸದಲ್ಲಿ ಉಳಿಯುತ್ತದೆ, ಸರ್ವರ್‌ನ ದಿನಚರಿ ಕಡತದಲ್ಲಿ ದಾಖಲಾಗುತ್ತದೆ. ಆದ್ದರಿಂದ ಗುಪ್ತಪದ, ದೂರವಾಣಿ ಸಂಖ್ಯೆ, ಆರೋಗ್ಯದ ವಿವರಗಳಿಗೆ ಇದು ತಕ್ಕ ಜಾಗವಲ್ಲ. ಉದ್ದಕ್ಕೂ ಮಿತಿಯಿದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್ 2,083 ಅಕ್ಷರಗಳಿಗಿಂತ ಉದ್ದದ ವಿಳಾಸವನ್ನು ಒಪ್ಪುತ್ತಿರಲಿಲ್ಲ. 2022ರ ಎಚ್‌ಟಿಟಿಪಿ ಮಾನಕ ಕನಿಷ್ಠ 8,000 ಬೈಟ್‌ಗಳಷ್ಟು ವಿಳಾಸವನ್ನಾದರೂ ನಿಭಾಯಿಸಬೇಕೆಂದು ಶಿಫಾರಸು ಮಾಡಿದೆ.

ಫಾರಂ ಮತ್ತು ಮರೆಯ ಅಂಕಣಗಳು

ಎರಡನೆಯ ದಾರಿ ಫಾರಂ. ಬಳಕೆದಾರರು ತುಂಬಿದ್ದನ್ನು ಪೋಸ್ಟ್ ವಿಧಾನದಲ್ಲಿ ಕೋರಿಕೆಯ ಒಡಲಿನಲ್ಲಿಟ್ಟು ಕಳಿಸಿದರೆ ಅದು ವಿಳಾಸದಲ್ಲಿ ಕಾಣುವುದಿಲ್ಲ, ಉದ್ದದ ಚಿಂತೆಯೂ ಕಡಿಮೆ. ಮೂರು ನಾಲ್ಕು ಹಂತಗಳಿದ್ದರೆ ಹಿಂದಿನ ಹಂತಗಳ ಮಾಹಿತಿಯನ್ನು ಪ್ರತಿ ಪುಟದಲ್ಲೂ ಮರೆಯ ಅಂಕಣಗಳಾಗಿ ಸೇರಿಸಿ ಮತ್ತೆ ಮತ್ತೆ ಕಳಿಸಬಹುದು. ಇಂಥ ಅಂಕಣಗಳಿಗೆ 1995ರ ಎಚ್‌ಟಿಎಂಎಲ್ 2.0 ಮಾನಕದಲ್ಲೇ ಸ್ಥಾನವಿತ್ತು. ಕಚೇರಿಯಲ್ಲಿ ಅರ್ಜಿದಾರರೇ ತಮ್ಮ ಕಡತವನ್ನು ಮೇಜಿನಿಂದ ಮೇಜಿಗೆ ಹೊತ್ತುಕೊಂಡು ಹೋಗುವ ಹಾಗೆ ಇದು. ಕಚೇರಿ ಏನನ್ನೂ ಇಟ್ಟುಕೊಳ್ಳಬೇಕಿಲ್ಲ.

ಈ ವಿಧಾನವನ್ನು ಅತಿ ವಿಸ್ತಾರವಾಗಿ ಬಳಸಿದ್ದು 2002ರಲ್ಲಿ ಬಂದ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್. ಪುಟದ ಇಡೀ ಸ್ಥಿತಿಯನ್ನು ಸಂಕೇತರೂಪಕ್ಕೆ ತಂದು ವ್ಯೂಸ್ಟೇಟ್ ಎಂಬ ಒಂದೇ ಮರೆಯ ಅಂಕಣದಲ್ಲಿ ಅದು ತುಂಬುತ್ತಿತ್ತು. ಬರೆಯುವವರಿಗೆ ಅನುಕೂಲವಾಯಿತು, ಆದರೆ ದೊಡ್ಡ ಪಟ್ಟಿಗಳಿರುವ ಪುಟಗಳಲ್ಲಿ ಆ ಅಂಕಣವೇ ಪುಟದ ಉಳಿದ ಭಾಗಕ್ಕಿಂತ ದಪ್ಪವಾಗಿ, ನಿಧಾನ ಸಂಪರ್ಕದವರಿಗೆ ಹೊರೆಯಾಯಿತು.

ಮರೆಯ ಅಂಕಣ ಮರೆಯಲ್ಲಿರುವುದು ಕಣ್ಣಿಗೆ ಮಾತ್ರ. ಬ್ರೌಸರ್‌ನ ಸಲಕರಣೆಗಳನ್ನು ತೆರೆದು ಯಾರು ಬೇಕಾದರೂ ಅದನ್ನು ತಿದ್ದಬಹುದು. ಟಿಕೆಟ್ ದರವನ್ನು ಮರೆಯ ಅಂಕಣದಲ್ಲಿಟ್ಟು, ಮರಳಿ ಬಂದ ಸಂಖ್ಯೆಯನ್ನೇ ನಂಬಿ ಹಣ ವಸೂಲು ಮಾಡುವ ತಾಣ, ದರ ನಿಗದಿ ಮಾಡುವ ಅಧಿಕಾರವನ್ನು ಗಿರಾಕಿಗೇ ಕೊಟ್ಟಂತೆ. ಅಂಕಣದಲ್ಲಿ ಬಸ್ಸಿನ ಗುರುತು ಹೋಗಲಿ. ದರವನ್ನು ಪ್ರತಿ ಸಲವೂ ಸರ್ವರ್ ತನ್ನ ಡೇಟಾಬೇಸ್‌ನಿಂದಲೇ ತೆಗೆಯಬೇಕು.

ಕುಕಿ

ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ 1994ರಲ್ಲಿ ಕುಕಿಯನ್ನು ಕಂಡುಹಿಡಿದರು. ಅಂಗಡಿ ತಾಣವೊಂದನ್ನು ಕಟ್ಟುವಾಗ, ಅರ್ಧಕ್ಕೆ ನಿಂತ ವ್ಯವಹಾರಗಳ ಸ್ಥಿತಿಯನ್ನು ಸರ್ವರ್‌ನಲ್ಲಿ ಇಟ್ಟುಕೊಳ್ಳುವುದು ಬೇಡ ಎಂಬ ಬೇಡಿಕೆಗೆ ಉತ್ತರವಾಗಿ ಅದು ಹುಟ್ಟಿತು. ಯುನಿಕ್ಸ್ ಲೋಕದಲ್ಲಿ ಆಗಲೇ ಬಳಕೆಯಲ್ಲಿದ್ದ ಮ್ಯಾಜಿಕ್ ಕುಕಿ ಎಂಬ ಮಾತಿನಿಂದ ಅದಕ್ಕೆ ಹೆಸರು ಬಂತು. ಸರ್ವರ್ ಕೊಟ್ಟ ಒಂದು ಚಿಕ್ಕ ಪಠ್ಯವನ್ನು ಬ್ರೌಸರ್ ಇಟ್ಟುಕೊಂಡು, ಅದೇ ತಾಣಕ್ಕೆ ಹೋಗುವ ಪ್ರತಿ ಕೋರಿಕೆಯ ಜೊತೆಗೂ ಅದನ್ನು ಮರಳಿ ಕಳಿಸುತ್ತದೆ. ಕುಕಿಯ ಮಾನಕ 1997ರಲ್ಲಿ ಮೊದಲು ಬಂದು, 2000ದಲ್ಲಿ ಪರಿಷ್ಕಾರಗೊಂಡು, 2011ರಲ್ಲಿ ವಾಸ್ತವ ಬಳಕೆಗೆ ಹೊಂದುವ ರೂಪ ಪಡೆಯಿತು. ಒಂದು ಕುಕಿಗೆ ಕನಿಷ್ಠ 4,096 ಬೈಟ್, ಒಂದು ತಾಣಕ್ಕೆ ಕನಿಷ್ಠ 50 ಕುಕಿಗಳಿಗೆ ಬ್ರೌಸರ್ ಜಾಗ ಕೊಡಬೇಕು ಎಂದು 2011ರ ಮಾನಕ ಹೇಳುತ್ತದೆ.

ಕುಕಿ ಪ್ರತಿ ಕೋರಿಕೆಗೂ ಅಂಟಿಕೊಂಡು ಹೋಗುತ್ತದೆ. ಚಿತ್ರ ತರಲು ಹೋಗುವ ಕೋರಿಕೆಯೂ ಅದನ್ನು ಹೊರುತ್ತದೆ. ಆದ್ದರಿಂದ ಅದರಲ್ಲಿ ಹೆಚ್ಚು ತುಂಬುವುದು ಜಾಣತನವಲ್ಲ. ಫೀಲ್ಡಿಂಗ್ ತಮ್ಮ ಪ್ರಬಂಧದಲ್ಲಿ ಕುಕಿಯನ್ನು ಜಾಲದ ಮೂಲ ವಿನ್ಯಾಸಕ್ಕೆ ಹೊಂದದ ಸೇರ್ಪಡೆ ಎಂದು ಟೀಕಿಸಿದರು. ಆದರೂ ಇಂದು ಲಾಗಿನ್ ಇರುವ ತಾಣಗಳಲ್ಲಿ ಬಹುಪಾಲು ಅದರ ಮೇಲೆಯೇ ನಿಂತಿವೆ.

ಸೆಷನ್

ಮಾಹಿತಿಯನ್ನೆಲ್ಲ ಕುಕಿಯಲ್ಲಿ ಕಳಿಸದೆ, ಅದನ್ನು ಸರ್ವರ್‌ನಲ್ಲೇ ಇಟ್ಟು, ಬ್ರೌಸರ್‌ಗೆ ಒಂದು ಗುರುತಿನ ಸಂಖ್ಯೆ ಮಾತ್ರ ಕೊಡುವ ಏರ್ಪಾಡು ಸೆಷನ್. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಟೋಕನ್ ಪಡೆದ ಹಾಗೆ: ವಸ್ತು ಒಳಗಿರುತ್ತದೆ, ಕೈಯಲ್ಲಿ ಬಿಲ್ಲೆ ಮಾತ್ರ. ಮೈಕ್ರೋಸಾಫ್ಟ್‌ನ ಎಎಸ್‌ಪಿ 1996ರಲ್ಲೇ ಸೆಷನ್ ವಸ್ತುವನ್ನು ಒದಗಿಸಿತು. ಜಾವಾ ಸರ್ವ್‌ಲೆಟ್‌ಗಳಲ್ಲೂ ಅದು ಬಂತು. 2000ದ ಮೇ ತಿಂಗಳಿನ ಪಿಎಚ್‌ಪಿ 4ರಲ್ಲಿ ಭಾಷೆಯ ಜೊತೆಗೇ ಸೇರಿಕೊಂಡಿತು.

ಟಿಕೆಟ್ ತಾಣದಲ್ಲಿ ಪ್ರಯಾಣಿಕರ ಹೆಸರು, ಹಿಡಿದಿಟ್ಟ ಸೀಟು, ಮುಗಿಯದ ವ್ಯವಹಾರ ಇವಕ್ಕೆ ಸೆಷನ್ ಒಳ್ಳೆಯ ಜಾಗ. ಬಳಕೆದಾರರು ಅದನ್ನು ತಿದ್ದಲಾರರು, ಗಾತ್ರದ ಇಕ್ಕಟ್ಟೂ ಇಲ್ಲ. ಆದರೆ ಅದಕ್ಕೆ ವಾಯಿದೆಯಿದೆ. ಬಳಕೆದಾರರು ಸುಮ್ಮನಿದ್ದರೆ ಎಎಸ್‌ಪಿ ಡಾಟ್ ನೆಟ್‌ನಲ್ಲಿ 20 ನಿಮಿಷ, ಟಾಮ್‌ಕ್ಯಾಟ್ ಸರ್ವರ್‌ನಲ್ಲಿ 30 ನಿಮಿಷ ಕಳೆದ ಮೇಲೆ ಸೆಷನ್ ಅಳಿಯುವುದು ಪೂರ್ವನಿಯೋಜಿತ. ಪಿಎಚ್‌ಪಿಯಲ್ಲಿ 1,440 ಸೆಕೆಂಡು, ಅಂದರೆ 24 ನಿಮಿಷ ಕಳೆದ ಸೆಷನ್ ಅಳಿಸಲು ಅರ್ಹವಾಗುತ್ತದೆ. ಉದ್ದನೆಯ ಅರ್ಜಿಯನ್ನು ನಿಧಾನವಾಗಿ ತುಂಬುವ ಹಿರಿಯರು ಕೊನೆಯ ಗುಂಡಿ ಒತ್ತಿದಾಗ ಎಲ್ಲವೂ ಮೊದಲಿಗೆ ಮರಳುವುದು ಇದೇ ಕಾರಣಕ್ಕೆ. ಅರ್ಜಿ ರೂಪಿಸುವವರು ಪ್ರತಿ ಹಂತವನ್ನೂ ಕರಡಾಗಿ ಡೇಟಾಬೇಸ್‌ನಲ್ಲಿ ಉಳಿಸಿದರೆ ಈ ನೋವು ತಪ್ಪುತ್ತದೆ.

ಸರ್ವರ್‌ಗಳು ಒಂದಕ್ಕಿಂತ ಹೆಚ್ಚಾದಾಗ ಇನ್ನೊಂದು ತೊಡಕಿದೆ. ಮೊದಲ ಕೋರಿಕೆ ಒಂದು ಯಂತ್ರಕ್ಕೆ, ಎರಡನೆಯದು ಇನ್ನೊಂದಕ್ಕೆ ಹೋದರೆ ಸೆಷನ್ ಸಿಗುವುದಿಲ್ಲ. ಒಬ್ಬ ಬಳಕೆದಾರರ ಕೋರಿಕೆಗಳನ್ನೆಲ್ಲ ಒಂದೇ ಯಂತ್ರಕ್ಕೆ ಕಳಿಸುವುದು, ಸೆಷನ್ನನ್ನು ಡೇಟಾಬೇಸ್ ಅಥವಾ ರೆಡಿಸ್‌ನಂಥ ಸಾಮಾನ್ಯ ಉಗ್ರಾಣದಲ್ಲಿ ಇಡುವುದು ಇದಕ್ಕೆ ರೂಢಿಯ ಪರಿಹಾರಗಳು. ಮೂರನೆಯ ದಾರಿಯನ್ನು ರೇಲ್ಸ್ ಹಿಡಿಯಿತು. 2007ರ ಡಿಸೆಂಬರ್‌ನಲ್ಲಿ ಬಂದ ಎರಡನೆಯ ಆವೃತ್ತಿಯಿಂದ ಅದು ಸೆಷನ್ನನ್ನೇ ಸಹಿ ಮಾಡಿದ ಕುಕಿಯಲ್ಲಿ ಇಡುವುದನ್ನು ಪೂರ್ವನಿಯೋಜಿತ ಮಾಡಿತು. ನಾಲ್ಕನೆಯ ಆವೃತ್ತಿಯಿಂದ ಆ ಕುಕಿಗೆ ಗೂಢಲಿಪಿಯ ರಕ್ಷಣೆಯೂ ಸಿಕ್ಕಿತು. ಆದರೆ ಆಗ ಕುಕಿಯ 4 ಕಿಲೋಬೈಟ್ ಮಿತಿ ಸೆಷನ್‌ಗೂ ತಗಲುತ್ತದೆ.

ಒಂದೇ ಹೆಜ್ಜೆಯ ನೆನಪು

ಕೆಲವು ಮಾಹಿತಿ ಮುಂದಿನ ಒಂದು ಪುಟಕ್ಕೆ ತಲುಪಿದರೆ ಸಾಕು. ‘ನಿಮ್ಮ ಟಿಕೆಟ್ ಕಾಯ್ದಿರಿಸಲಾಗಿದೆ’ ಎಂಬ ಸಂದೇಶ ಒಮ್ಮೆ ಕಂಡು ಮಾಯವಾಗಬೇಕು. ಇದರ ಅಗತ್ಯ ಹುಟ್ಟಿದ್ದು ಇನ್ನೊಂದು ಒಳ್ಳೆಯ ಪದ್ಧತಿಯಿಂದ. ಫಾರಂ ಸಲ್ಲಿಸಿದ ಕೂಡಲೇ ಅದೇ ಕೋರಿಕೆಗೆ ಪುಟ ತೋರಿಸಿದರೆ, ಬಳಕೆದಾರರು ಪುಟವನ್ನು ಮರುಲೋಡ್ ಮಾಡಿದಾಗ ಫಾರಂ ಮತ್ತೆ ಸಲ್ಲಿಕೆಯಾಗಿ ಎರಡು ಟಿಕೆಟ್ ಬೀಳಬಹುದು. ಇದನ್ನು ತಡೆಯಲು ಸಲ್ಲಿಕೆ ಮುಗಿದ ಮೇಲೆ ಬೇರೊಂದು ವಿಳಾಸಕ್ಕೆ ಹೋಗುವಂತೆ ಬ್ರೌಸರ್‌ಗೆ ಹೇಳಿ, ಅಲ್ಲಿ ಫಲಿತಾಂಶ ತೋರಿಸುತ್ತಾರೆ. ಎಚ್‌ಟಿಟಿಪಿ 1.1ರಲ್ಲಿ ಸೇರಿದ 303 ಎಂಬ ಉತ್ತರಸಂಖ್ಯೆ ಇದಕ್ಕೆಂದೇ ಇದೆ. ಮೈಕೆಲ್ ಜುರಾವ್ಲೆವ್ 2004ರಲ್ಲಿ ಬರೆದ ಲೇಖನದಿಂದ ಈ ಪದ್ಧತಿ ಹೆಚ್ಚು ಪ್ರಚಾರಕ್ಕೆ ಬಂತು.

ಹೀಗೆ ಬೇರೆ ವಿಳಾಸಕ್ಕೆ ಕಳಿಸಿದಾಗ ಅದು ಹೊಸ ಕೋರಿಕೆಯಾಗುತ್ತದೆ. ಗುರಿಯಾದ ಕ್ರಿಯೆ ಅದೇ ಕಂಟ್ರೋಲರ್‌ನಲ್ಲಿದ್ದರೂ ಹಳೆಯ ಮಾಹಿತಿ ಅಲ್ಲಿಗೆ ಬರುವುದಿಲ್ಲ. ಈ ಅಂತರವನ್ನು ದಾಟಿಸಲು ಚೌಕಟ್ಟುಗಳು ಒಂದು ಹೆಜ್ಜೆಯಷ್ಟೇ ಬದುಕುವ ಜಾಗವನ್ನು ಕಟ್ಟಿದವು. ರೇಲ್ಸ್‌ನಲ್ಲಿ ಅದು ಫ್ಲಾಶ್, 2010ರ ಜಾಂಗೋ 1.2ರಲ್ಲಿ ಮೆಸೇಜಸ್, 2011ರ ಸ್ಪ್ರಿಂಗ್ 3.1ರಲ್ಲಿ ಫ್ಲಾಶ್ ಗುಣಲಕ್ಷಣಗಳು, ಎಎಸ್‌ಪಿ ಡಾಟ್ ನೆಟ್ ಎಂವಿಸಿಯಲ್ಲಿ ಟೆಂಪ್‌ಡೇಟಾ.

ಟೆಂಪ್‌ಡೇಟಾದ ನಡವಳಿಕೆ ತಿಳಿದಿರಬೇಕಾದದ್ದು. ಅದರಲ್ಲಿಟ್ಟ ಮಾಹಿತಿಯನ್ನು ಓದಿದ ಮೇಲೆ ಆ ಕೋರಿಕೆ ಮುಗಿಯುವಾಗ ಅದು ಅಳಿಯುತ್ತದೆ. ಅಳಿಸದೆ ಇಣುಕಿ ನೋಡಲು ಪೀಕ್, ಓದಿದ್ದನ್ನು ಇನ್ನೊಂದು ಕೋರಿಕೆಗೆ ಉಳಿಸಲು ಕೀಪ್ ಎಂಬ ಆದೇಶಗಳಿವೆ. ಹಳೆಯ ಎಂವಿಸಿಯಲ್ಲಿ ಇದು ಸೆಷನ್ನಿನಲ್ಲಿ ಕೂರುತ್ತಿತ್ತು. 2017ರ ಎಎಸ್‌ಪಿ ಡಾಟ್ ನೆಟ್ ಕೋರ್ 2.0ರಿಂದ ಪೂರ್ವನಿಯೋಜಿತವಾಗಿ ಕುಕಿಯಲ್ಲಿ ಕೂರುತ್ತದೆ. ಎರಡು ಪುಟಗಳನ್ನು ಜೋಡಿಸಲು ಹಲವರು ಮೊದಲು ಇದಕ್ಕೇ ಕೈ ಹಾಕುತ್ತಾರೆ. ಸಂದೇಶಕ್ಕೆ ಇದು ಸರಿ. ನಾಲ್ಕು ಹಂತದ ಅರ್ಜಿಯನ್ನು ಇದರ ಮೇಲೆ ಕಟ್ಟಿದರೆ, ಬಳಕೆದಾರರು ಒಮ್ಮೆ ಮರುಲೋಡ್ ಮಾಡಿದರೂ ನಡುವಿನ ಮಾಹಿತಿ ಕೈತಪ್ಪಬಹುದು.

ಎರಡು ಟ್ಯಾಬ್‌ಗಳ ತೊಡಕು

ಒಬ್ಬರೇ ಎರಡು ಟ್ಯಾಬ್ ತೆರೆದು ಒಂದರಲ್ಲಿ ಧಾರವಾಡದ, ಇನ್ನೊಂದರಲ್ಲಿ ಮಂಗಳೂರಿನ ಬಸ್ ನೋಡುತ್ತಿದ್ದಾರೆ ಎನ್ನೋಣ. ಎರಡೂ ಟ್ಯಾಬ್‌ಗಳಿಗೆ ಕುಕಿ ಒಂದೇ, ಸೆಷನ್ನೂ ಒಂದೇ. ‘ಆರಿಸಿದ ಬಸ್’ ಎಂಬ ಒಂದೇ ಹೆಸರಿನಲ್ಲಿ ಮಾಹಿತಿ ಇಟ್ಟಿದ್ದರೆ ಎರಡನೆಯ ಆಯ್ಕೆ ಮೊದಲನೆಯದನ್ನು ಅಳಿಸುತ್ತದೆ. ಧಾರವಾಡದ ಪುಟದಲ್ಲಿ ಗುಂಡಿ ಒತ್ತಿದವರಿಗೆ ಮಂಗಳೂರಿನ ಟಿಕೆಟ್ ಸಿಗುತ್ತದೆ.

ಇದಕ್ಕೆ ಪರಿಹಾರ, ಪ್ರತಿ ವ್ಯವಹಾರಕ್ಕೂ ಬೇರೆ ಗುರುತು ಕೊಟ್ಟು ಆ ಗುರುತನ್ನು ಪುಟದ ವಿಳಾಸ ಅಥವಾ ಮರೆಯ ಅಂಕಣದಲ್ಲಿ ಒಯ್ಯುವುದು. ವಿವರಗಳನ್ನು ಆ ಗುರುತಿನಡಿ ಸರ್ವರ್‌ನಲ್ಲಿ ಇಡುವುದು. ಈ ಕಲ್ಪನೆಯನ್ನು ಜಾವಾ ಲೋಕ ಶಾಸ್ತ್ರಬದ್ಧ ಮಾಡಿತು. 2009ರ ಡಿಸೆಂಬರ್‌ನಲ್ಲಿ ಬಂದ ಜಾವಾ ಇಇ 6ರಲ್ಲಿ ಕೋರಿಕೆಗಿಂತ ಉದ್ದ, ಸೆಷನ್ನಿಗಿಂತ ಗಿಡ್ಡ ಆಯುಷ್ಯದ ‘ಸಂಭಾಷಣೆ’ ಎಂಬ ವ್ಯಾಪ್ತಿಯನ್ನು ಸೇರಿಸಲಾಯಿತು. ಹಲವು ಪುಟಗಳ ಒಂದು ಕೆಲಸ ಆರಂಭವಾದಾಗ ಅದು ಹುಟ್ಟುತ್ತದೆ, ಕೆಲಸ ಮುಗಿದಾಗ ಅಳಿಯುತ್ತದೆ.

ಬ್ರೌಸರ್‌ನೊಳಗಿನ ಕಂಟ್ರೋಲರ್

2010ರ ನಂತರ ಪುಟ ಕಟ್ಟುವ ಕೆಲಸದ ದೊಡ್ಡ ಭಾಗ ಸರ್ವರ್‌ನಿಂದ ಬ್ರೌಸರ್‌ಗೆ ಸರಿಯಿತು. ಮಿಶ್ಕೊ ಹೆವೆರಿ ಮತ್ತು ಆಡಮ್ ಅಬ್ರಾನ್ಸ್ ಆರಂಭಿಸಿ, ಗೂಗಲ್ ಬೆಳೆಸಿದ ಆಂಗ್ಯುಲರ್‌ಜೆಎಸ್‌ನ ಮೊದಲ ಆವೃತ್ತಿಗಳು ಈ ಬದಲಾವಣೆಯನ್ನು ಜನಪ್ರಿಯಗೊಳಿಸಿದವು. ಅಲ್ಲಿ ಕಂಟ್ರೋಲರ್ ಬ್ರೌಸರ್‌ನಲ್ಲೇ ಓಡುತ್ತದೆ, ಪುಟ ಪೂರ್ತಿ ಮರುಲೋಡ್ ಆಗುವುದಿಲ್ಲ. ಆದ್ದರಿಂದ ಎರಡು ನೋಟಗಳಿಗೆ ಒಂದೇ ಕಂಟ್ರೋಲರ್ ಹೆಸರು ಕೊಟ್ಟರೆ ಮಾಹಿತಿ ಹಂಚಿಕೆಯಾಗುತ್ತದೆ ಎಂದು ಬಹಳ ಜನ ಎಣಿಸಿದರು. ಹಳೆಯ ತಪ್ಪು ಹೊಸ ಜಾಗದಲ್ಲಿ ಮರುಕಳಿಸಿತು. ಹೆಸರು ಒಂದೇ ಆದರೂ ಪ್ರತಿ ನೋಟಕ್ಕೂ ಆಂಗ್ಯುಲರ್‌ಜೆಎಸ್ ಕಂಟ್ರೋಲರ್‌ನ ಹೊಸ ಪ್ರತಿ ಮಾಡುತ್ತದೆ. ನೋಟ ಬದಲಾದಾಗ ಹಳೆಯ ಪ್ರತಿ ಮತ್ತು ಅದರ ಮಾಹಿತಿ ಹೋಗುತ್ತವೆ.

ಅಲ್ಲಿಯ ಸರಿಯಾದ ದಾರಿ ಸರ್ವಿಸ್. ಒಂದು ತಂತ್ರಾಂಶಕ್ಕೆ ಸರ್ವಿಸ್‌ನ ಒಂದೇ ಪ್ರತಿ ಇರುವುದರಿಂದ ಎಲ್ಲ ಕಂಟ್ರೋಲರ್‌ಗಳೂ ಅದರಿಂದ ಪಡೆಯಬಹುದು, ಅದರಲ್ಲಿ ಇಡಬಹುದು. ಅದು ಒಬ್ಬರ ಬ್ರೌಸರ್‌ನೊಳಗೇ ಇರುವುದರಿಂದ ಸ್ಪ್ರಿಂಗ್ ಕಂಟ್ರೋಲರ್‌ನ ಸೋರಿಕೆಯ ಭಯ ಇಲ್ಲಿಲ್ಲ. ಆಂಗ್ಯುಲರ್‌ಜೆಎಸ್‌ಗೆ ಅಧಿಕೃತ ಬೆಂಬಲ 2021ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದರ ಬಳಿಕದ ಚೌಕಟ್ಟುಗಳಲ್ಲೂ, ನೋಟದಿಂದ ಹೊರಗೆ ಮಾಹಿತಿಗೆ ಒಂದು ಪ್ರತ್ಯೇಕ ನೆಲೆ ಮಾಡುವ ತತ್ವ ಉಳಿದಿದೆ.

ಬ್ರೌಸರ್‌ನ ಸ್ಮೃತಿಯಲ್ಲಿರುವುದು ಮರುಲೋಡ್ ಆದಾಗ ಅಳಿಯುತ್ತದೆ. ಅದನ್ನು ದಾಟಿ ಉಳಿಯಬೇಕಾದರೆ ವೆಬ್ ಸ್ಟೋರೇಜ್ ಇದೆ. ಸೆಷನ್‌ಸ್ಟೋರೇಜ್ ಆಯಾ ಟ್ಯಾಬ್‌ಗೆ ಸೀಮಿತ, ಟ್ಯಾಬ್ ಮುಚ್ಚಿದಾಗ ಅಳಿಯುತ್ತದೆ. ಲೋಕಲ್‌ಸ್ಟೋರೇಜ್ ಅದೇ ತಾಣದ ಎಲ್ಲ ಟ್ಯಾಬ್‌ಗಳಿಗೂ ಸಾಮಾನ್ಯ, ಅಳಿಸುವವರೆಗೆ ಇರುತ್ತದೆ. ಸಾಮಾನ್ಯವಾಗಿ ಒಂದು ತಾಣಕ್ಕೆ ಸುಮಾರು 5 ಮೆಗಾಬೈಟ್ ಜಾಗ ಸಿಗುತ್ತದೆ. ಇವು ಕುಕಿಯಂತೆ ತಾವಾಗಿ ಸರ್ವರ್‌ಗೆ ಹೋಗುವುದಿಲ್ಲ. ಆದರೆ ಪುಟದಲ್ಲಿ ಓಡುವ ಯಾವ ಸ್ಕ್ರಿಪ್ಟ್ ಆದರೂ ಇವನ್ನು ಓದಬಲ್ಲದು ಎಂಬುದನ್ನು ಮರೆಯಬಾರದು.

ಕನ್ನಡ ಪಠ್ಯದ ಸಾಗಣೆ

ಕನ್ನಡದಲ್ಲಿ ತುಂಬಿದ ಹೆಸರು, ಊರುಗಳನ್ನು ಒಯ್ಯುವಾಗ ಕೆಲವು ಲೆಕ್ಕಗಳು ಬೇರೆಯಾಗುತ್ತವೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8 ರೂಪದಲ್ಲಿ 3 ಬೈಟ್ ಬೇಕು. ವಿಳಾಸದಲ್ಲಿ ಸೇರಿಸುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆಗಳಾಗಿ ಬದಲಾಗುವುದರಿಂದ ಒಂದು ಸಂಕೇತಕ್ಕೆ 9 ಚಿಹ್ನೆಗಳು. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮ (ಹಲಂತ) ಚಿಹ್ನೆ, ನ, ಡ ಎಂದು 5 ಸಂಕೇತಗಳಿವೆ. ವಿಳಾಸದಲ್ಲಿ ಅದು 45 ಚಿಹ್ನೆಗಳಾಗುತ್ತದೆ. ‘ಬೆಂಗಳೂರು’ 72 ಆಗುತ್ತದೆ. ಕುಕಿಯ ಮಾನಕ ಮೂಲ ರೋಮನ್ ಚಿಹ್ನೆಗಳನ್ನಷ್ಟೇ ಒಪ್ಪುವುದರಿಂದ ಅಲ್ಲೂ ಹೀಗೆ ಸಂಕೇತಿಸಬೇಕು. ಆಗ 4,096 ಬೈಟ್‌ಗಳ ಕುಕಿಯಲ್ಲಿ ಹೆಚ್ಚೆಂದರೆ 455 ಕನ್ನಡ ಸಂಕೇತಗಳಷ್ಟೇ ಹಿಡಿಸುತ್ತವೆ. ಉದ್ದದ ಕನ್ನಡ ಪಠ್ಯಕ್ಕೆ ಫಾರಂನ ಒಡಲು ಅಥವಾ ಸರ್ವರ್‌ನ ಸೆಷನ್ ತಕ್ಕದ್ದು.

ಇನ್ನೊಂದು ಸೂಕ್ಷ್ಮವಿದೆ. ‘ಹೊಸಪೇಟೆ’ಯ ಒಕಾರ, ಏಕಾರಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರದ ಹೋಲಿಕೆಗೆ ಬೇರೆ ಬೇರೆ. ಒಂದು ಪುಟದಿಂದ ಬಂದ ಊರಿನ ಹೆಸರನ್ನು ಇನ್ನೊಂದರ ಪಟ್ಟಿಯಲ್ಲಿ ಹುಡುಕುವ ಮೊದಲು ಎರಡನ್ನೂ ಯೂನಿಕೋಡ್ ಹೇಳಿದ ಒಂದೇ ಸಮರೂಪಕ್ಕೆ ತರಬೇಕು. ಹೆಸರಿನ ಬದಲು ಊರಿನ ಗುರುತಿನ ಸಂಖ್ಯೆಯನ್ನು ಒಯ್ದರೆ ಈ ತೊಂದರೆ ಬುಡದಲ್ಲೇ ತಪ್ಪುತ್ತದೆ.

ಸುರಕ್ಷತೆ

ಸೆಷನ್ ಗುರುತು ಕದ್ದವರು ಆ ಬಳಕೆದಾರರೇ ಆಗಿಬಿಡಬಲ್ಲರು. ಆದ್ದರಿಂದ ಲಾಗಿನ್ ಆದ ಕೂಡಲೇ ಗುರುತನ್ನು ಬದಲಿಸಬೇಕು. ಅದರ ಕುಕಿಯನ್ನು ಸ್ಕ್ರಿಪ್ಟ್‌ಗಳು ಓದದಂತೆ ಮಾಡುವ ಸೂಚನೆಯನ್ನು ಮೈಕ್ರೋಸಾಫ್ಟ್ 2002ರಲ್ಲಿ ತನ್ನ ಬ್ರೌಸರ್‌ನಲ್ಲಿ ತಂದಿತು. ಈಗ ಎಲ್ಲ ಬ್ರೌಸರ್‌ಗಳಲ್ಲೂ ಅದಿದೆ. ಬೇರೆ ತಾಣದಿಂದ ಬಂದ ಕೋರಿಕೆಗಳ ಜೊತೆ ಕುಕಿ ಹೋಗದಂತೆ ತಡೆಯುವ ಸೇಮ್‌ಸೈಟ್ ನಿಯಮವನ್ನು ಕ್ರೋಮ್ 2020ರ ಫೆಬ್ರವರಿಯಿಂದ ಪೂರ್ವನಿಯೋಜಿತವಾಗಿ ಅನ್ವಯಿಸತೊಡಗಿತು. ಮಾಹಿತಿಗೆ ಸಹಿ ಹಾಕಿ ಬಳಕೆದಾರರ ಕೈಗೇ ಕೊಡುವ ಜೇಸನ್ ವೆಬ್ ಟೋಕನ್ 2015ರಲ್ಲಿ ಮಾನಕವಾಯಿತು. ಸಹಿ ತಿದ್ದುವಿಕೆಯನ್ನು ಬಯಲಿಗೆ ತರುತ್ತದೆ, ಓದುವುದನ್ನು ತಡೆಯುವುದಿಲ್ಲ. ಸಹಿ ಬೇರೆ, ಗೂಢಲಿಪಿ ಬೇರೆ.

ಆಯ್ಕೆಯ ತತ್ವ

ಈ ದಾರಿಗಳಲ್ಲಿ ಯಾವುದೊಂದೂ ಎಲ್ಲಕ್ಕೂ ಸಲ್ಲುವುದಿಲ್ಲ. ಮಾಹಿತಿ ಎಷ್ಟು ಹೊತ್ತು ಬದುಕಬೇಕು, ಯಾರಿಗೆ ಕಾಣಬಹುದು, ಯಾರು ತಿದ್ದಬಹುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಜಾಗ ತಾನಾಗಿ ಗೊತ್ತಾಗುತ್ತದೆ. ಹುಡುಕಾಟದ ಆಯ್ಕೆಗೆ ವಿಳಾಸ, ಒಮ್ಮೆ ತೋರಿಸುವ ಸಂದೇಶಕ್ಕೆ ಫ್ಲಾಶ್ ಅಥವಾ ಟೆಂಪ್‌ಡೇಟಾ, ಲಾಗಿನ್ ಗುರುತಿಗೆ ಸೆಷನ್, ನಡುವೆ ನಿಂತರೂ ಕಳೆಯಬಾರದ ಅರ್ಜಿಗೆ ಡೇಟಾಬೇಸ್. ಸಾಗಿಸುವುದು ಕಡಿಮೆಯಾದಷ್ಟೂ ಕೆಡುವುದೂ ಕಡಿಮೆ. ಗುರುತಿನ ಸಂಖ್ಯೆಯೊಂದನ್ನು ಒಯ್ದು ಉಳಿದದ್ದನ್ನು ಮೂಲದಿಂದಲೇ ತೆಗೆಯುವುದು ಹೆಚ್ಚಿನ ಸಂದರ್ಭಗಳಲ್ಲಿ ಸರಿಯಾದ ಕ್ರಮ. ಕಂಟ್ರೋಲರ್ ದಾರಿ ತೋರಿಸುವ ಕೆಲಸಕ್ಕೆ ಇರುವಂಥದ್ದು. ಅದನ್ನು ಉಗ್ರಾಣವಾಗಿ ಬಳಸಿದಲ್ಲಿ ಮಾಹಿತಿ ಕಳೆದುಹೋಗುತ್ತದೆ, ಇಲ್ಲವೆ ಬೇರೆಯವರ ಕೈಗೆ ಸಿಗುತ್ತದೆ.